ಹಿರಿಯರ ಮದ್ಯ ಅವಲಂಬನೆ: ಪ್ರಾಥಮಿಕ ಚಿಕಿತ್ಸೆಯಲ್ಲಿ ಪತ್ತೆ ಮತ್ತು ಆರೈಕೆಯ ಇತಿಹಾಸ

ಕುಡಿತದ ಚಟವನ್ನು ಅಳೆಯುವ ಮೊದಮೊದಲ ಪ್ರಶ್ನಾವಳಿಗಳು ದುಡಿಯುವ ವಯಸ್ಸಿನವರನ್ನು ಎದುರಿಗಿಟ್ಟುಕೊಂಡು ಹುಟ್ಟಿದವು. ಅಮೆರಿಕದ ಮನೋವೈದ್ಯ ಮೆಲ್ವಿನ್ ಸೆಲ್ಜರ್ 1971ರಲ್ಲಿ ಪ್ರಕಟಿಸಿದ 25 ಪ್ರಶ್ನೆಗಳ 'ಮಾಸ್ಟ್' ಪಟ್ಟಿಯನ್ನೇ ನೋಡಿ: ಕುಡಿತದಿಂದ ಕೆಲಸ ಹೋಯಿತೇ, ಕುಡಿದು ಗಾಡಿ ಓಡಿಸಿ ಪೊಲೀಸರ ಕೈಗೆ ಸಿಕ್ಕಿದ್ದುಂಟೇ? ನಿವೃತ್ತರಾಗಿ, ಸ್ಟೀರಿಂಗ್ ಬಿಟ್ಟು, ಮನೆಯಲ್ಲೇ ಒಬ್ಬರೇ ಕುಡಿಯುವ ಎಪ್ಪತ್ತರ ಅಜ್ಜ ಇವಕ್ಕೆ 'ಇಲ್ಲ' ಎಂದರೆ ಅದು ಸುಳ್ಳೂ ಅಲ್ಲ.

ವೈದ್ಯರ ಕಣ್ಣೂ ತಪ್ಪುತ್ತಿತ್ತು. ಮರೆವು, ನಿದ್ದೆಗೇಡು, ಕೈನಡುಕ, ಪದೇ ಪದೇ ಬೀಳುವುದು, ಇವೆಲ್ಲ ವಯಸ್ಸಿನ ಲೆಕ್ಕಕ್ಕೆ ಹೋಗುತ್ತಿದ್ದವು. ಆದರೆ ಮುಪ್ಪಿನಲ್ಲಿ ದೇಹದ ನೀರಿನಂಶ ತಗ್ಗುವುದರಿಂದ ಹಳೆಯ ಅಳತೆಯೇ ರಕ್ತದಲ್ಲಿ ಹೆಚ್ಚು ಮದ್ಯಸಾರವಾಗಿ ನಿಲ್ಲುತ್ತದೆ. ಜೊತೆಗೆ ನಿದ್ದೆ ಮಾತ್ರೆಯೋ, ರಕ್ತ ತೆಳುಮಾಡುವ ವಾರ್ಫರಿನ್ನೋ ಇದ್ದರೆ ಅಪಾಯ ಇನ್ನಷ್ಟು.

1992ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಫ್ರೆಡೆರಿಕ್ ಬ್ಲೋ ಮತ್ತು ಸಂಗಡಿಗರು ಹಿರಿಯರಿಗೆಂದೇ 24 ಪ್ರಶ್ನೆಗಳ 'ಮಾಸ್ಟ್-ಜಿ' ರೂಪಿಸಿದರು. ಅದು ಕೇಳಿದ್ದು ಕೆಲಸ, ಕೋರ್ಟುಗಳ ಬಗ್ಗೆ ಅಲ್ಲ. ಆಪ್ತರನ್ನು ಕಳೆದುಕೊಂಡ ಮೇಲೆ ಕುಡಿತ ಹೆಚ್ಚಿತೇ? ಒಂಟಿತನಕ್ಕೆ ಅದರಿಂದ ಸಮಾಧಾನವೇ? ಕುಡಿದ ಮೇಲೆ ಊಟ ಬೇಡವೆನಿಸುತ್ತದೆಯೇ? ಈ ಇತಿಹಾಸದ ನಿಜವಾದ ತಿರುವು ಇದೇ ಎನ್ನಬೇಕು. 1998ರಲ್ಲಿ ಬ್ಲೋ ಅಧ್ಯಕ್ಷತೆಯ ತಜ್ಞರ ಸಮಿತಿ, ಅರವತ್ತು ದಾಟಿದ ಎಲ್ಲರಿಗೂ ಮಾಮೂಲಿ ತಪಾಸಣೆಯಲ್ಲೇ ಕುಡಿತದ ಪ್ರಶ್ನೆ ಕೇಳಬೇಕೆಂದು ಅಮೆರಿಕ ಸರ್ಕಾರದ ಕೈಪಿಡಿಯಲ್ಲಿ ಶಿಫಾರಸು ಮಾಡಿತು.

ಕೇಳಿದ ಮೇಲೇನು? ವಿಸ್ಕಾನ್ಸಿನ್‌ನ 'ಗೋಲ್' ಅಧ್ಯಯನ (1999) 65 ದಾಟಿದ 158 ಮಂದಿಯ ಮೇಲೆ ನಡೆಯಿತು. ಕುಟುಂಬ ವೈದ್ಯರು ತಲಾ 10–15 ನಿಮಿಷದಂತೆ ಎರಡು ಸಲ ಕೂತು ಮಾತಾಡಿದವರಲ್ಲಿ ವಾರದ ಕುಡಿತ ಸುಮಾರು ಮೂರನೇ ಒಂದು ಭಾಗ ಇಳಿಯಿತು. ತೀವ್ರ ಅವಲಂಬನೆಗೆ ಮಾತಷ್ಟೇ ಸಾಲದು. ಏಕಾಏಕಿ ಬಿಟ್ಟರೆ ಫಿಟ್ಸ್, ಸನ್ನಿ ಬರಬಹುದಾದ್ದರಿಂದ ಅಂಥವರಿಗೆ ವೈದ್ಯರ ನಿಗಾ ಬೇಕೇ ಬೇಕು.

'ಪ್ರಿಸ್ಮ್-ಇ' ಅಧ್ಯಯನ (2004) ಇನ್ನೊಂದನ್ನು ತೋರಿಸಿತು. ಖಿನ್ನತೆ, ಆತಂಕ ಅಥವಾ ಅಪಾಯಕಾರಿ ಕುಡಿತವಿದ್ದ ಹಿರಿಯರಲ್ಲಿ, ತಮ್ಮ ಮಾಮೂಲಿ ಕ್ಲಿನಿಕ್ಕಿನಲ್ಲೇ ಚಿಕಿತ್ಸೆ ದೊರೆತಾಗ 71% ಮಂದಿ ಅದನ್ನು ಪಡೆದರು; ಬೇರೆಡೆಗೆ ಚೀಟಿ ಬರೆದುಕೊಟ್ಟಾಗ 49% ಮಾತ್ರ. ಹಾಗೆಂದು ಕುಡಿತದ ಇಳಿಕೆಯಲ್ಲಿ ಎರಡು ಗುಂಪಿಗೂ ಹೇಳಿಕೊಳ್ಳುವ ಅಂತರವಿರಲಿಲ್ಲ. 2013ರಲ್ಲಿ ಬ್ರಿಟನ್ನಿನ 'ಈಸಾಪ್ಸ್' ಪ್ರಯೋಗಕ್ಕೂ 55 ದಾಟಿದವರಲ್ಲಿ ಹಂತಹಂತದ ಚಿಕಿತ್ಸೆಯು ಐದು ನಿಮಿಷದ ಸಲಹೆಗಿಂತ ಮೇಲೆಂದು ಸಾಧಿಸಲಾಗಲಿಲ್ಲ. ಅದಕ್ಕೆ ಎರಡು ವರ್ಷ ಮೊದಲೇ ಅಲ್ಲಿನ ಮನೋವೈದ್ಯರ ರಾಯಲ್ ಕಾಲೇಜು ಹಿರಿಯರ ಕುಡಿತದ ಮಿತಿಯನ್ನು ಕಿರಿಯರದಕ್ಕಿಂತ ತಗ್ಗಿಸಬೇಕೆಂದು ಹೇಳಿತ್ತು.

ಭಾರತದಲ್ಲಿ ಗಮನ ಸೆಳೆದದ್ದು ಗೋವಾದ 10 ಪ್ರಾಥಮಿಕ ಆರೋಗ್ಯ ಕೇಂದ್ರಗಳ ಪ್ರಯೋಗ. ತರಬೇತಿ ಪಡೆದ ಸಾಮಾನ್ಯ ಆಪ್ತಸಲಹೆಗಾರರ ನೆರವು ಸಿಕ್ಕ ಗಂಡಸರಲ್ಲಿ ಮೂರು ತಿಂಗಳ ಬಳಿಕ 36% ಮಂದಿ ಹಾನಿಕಾರಕ ಕುಡಿತದಿಂದ ಹೊರಬಂದಿದ್ದರು. ಮಾಮೂಲಿ ಆರೈಕೆಯಲ್ಲಿ ಇದು 26%. 2017ರಲ್ಲಿ 'ಲ್ಯಾನ್ಸೆಟ್' ಪ್ರಕಟಿಸಿದ ಈ ಪ್ರಯೋಗಕ್ಕೆ ಸೇರಿಸಿಕೊಂಡದ್ದು 18ರಿಂದ 65 ವಯಸ್ಸಿನವರನ್ನು ಮಾತ್ರ.