ಹೂವಿಲ್ಲದ ಕವಂದಿ ಬತ್ತಲೆ

ಹಳೆಯ ಸೀರೆ, ಹರಿದ ಅಂಗಿ, ಮಕ್ಕಳ ಲಂಗಗಳ ತುಂಡುಗಳನ್ನು ಕೂಡಿಸಿ ಕೈಯಿಂದ ಹೊಲಿದ ಹೊದಿಕೆ ಉತ್ತರ ಕರ್ನಾಟಕದವರಿಗೆ ಕೌದಿ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಭಾಗದ ಸಿದ್ದಿಯರಿಗೆ ಅದು ಕವಂದಿ.

ಸಿದ್ದಿಯರು ಆಫ್ರಿಕಾ ಮೂಲದವರು. ಪೋರ್ಚುಗೀಸರು ಗುಲಾಮರನ್ನಾಗಿ ಗೋವಾಕ್ಕೆ ತಂದವರ ಪೈಕಿ ಹಲವರು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಘಟ್ಟದ ಮಳೆ, ಚಳಿಗೆ ಹೊದೆಯಲು, ಹಾಸಲು ಕವಂದಿಯೇ ಆಸರೆಯಾಯಿತು.

ಇದನ್ನು ಹೊಲಿಯುವ ಕ್ರಮ ವಿಶಿಷ್ಟವಾದುದು. ಅಮೆರಿಕದ ಕ್ವಿಲ್ಟ್‌ಗಳಲ್ಲಿ ಸಾಮಾನ್ಯವಾಗಿ ಮೊದಲು ತುಂಡುಗಳನ್ನು ಜೋಡಿಸಿ ಮೇಲ್ಪದರ ಸಿದ್ಧಪಡಿಸುತ್ತಾರೆ. ನಂತರ ಪದರಗಳನ್ನು ಕೂಡಿಸಿ ಹೊಲಿದು, ಕೊನೆಗೆ ಅಂಚು ಕಟ್ಟುತ್ತಾರೆ. ಕವಂದಿಯಲ್ಲಿ ಈ ಮೂರೂ ಕೆಲಸ ಒಟ್ಟಿಗೇ ನಡೆಯುತ್ತವೆ. ಹಳೆಯ ಸೀರೆಯನ್ನು ಹಾಸಿ, ಒಂದು ಮೂಲೆಯಿಂದ ಆರಂಭಿಸಿ, ಅಂಚು ಮಡಿಸಿದ ತುಂಡುಗಳನ್ನು ಸಾಲುಹೊಲಿಗೆಯಿಂದ ಕೂಡಿಸುತ್ತ ಸುತ್ತ ಬರುತ್ತಾರೆ. ಸುತ್ತು ಕಿರಿದಾಗುತ್ತ ನಡುವಿನಲ್ಲಿ ಮುಗಿಯುತ್ತದೆ. ನಕ್ಷೆಯಿಲ್ಲ, ಅಳತೆಪಟ್ಟಿಯಿಲ್ಲ, ಯಾವ ಬಣ್ಣದ ಪಕ್ಕ ಯಾವುದು ಎಂಬುದು ಹೊಲಿಯುವವಳ ತೀರ್ಮಾನ.

ಸಿದ್ದಿಯರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತರು ಮೂವರೂ ಇದ್ದಾರೆ. ಕೆಲವು ಕವಂದಿಗಳಲ್ಲಿ ಶಿಲುಬೆ, ಕೆಲವುಗಳಲ್ಲಿ ಅರ್ಧಚಂದ್ರ ಕಾಣುತ್ತದೆ. ಆದರೆ ಹೊಲಿಗೆ ಒಂದೇ.

ನಾಲ್ಕು ಮೂಲೆಗಳಿಗೆ ತ್ರಿಕೋನವಾಗಿ ಮಡಿಸಿದ ಬಟ್ಟೆ ಚೂರುಗಳನ್ನು ಹೊಲಿಯುತ್ತಾರೆ. ಇವು ‘ಫೂಲ’, ಅಂದರೆ ಹೂವು. ಚಳಿ ತಡೆಯಲು ಇವು ಬೇಕಿಲ್ಲ. ಆದರೂ ಫೂಲ ಇಲ್ಲದ ಕವಂದಿ ಬತ್ತಲೆ ಎಂಬುದು ಸಿದ್ದಿ ಮಹಿಳೆಯರ ಮಾತು. ಹೊಸ ಬಟ್ಟೆಗೆ ಗತಿಯಿಲ್ಲದ ಕಾಲದಲ್ಲಿಯೂ ಅವರು ಕೇವಲ ಹೊದಿಕೆಯಷ್ಟಕ್ಕೇ ತೃಪ್ತರಾಗಲಿಲ್ಲ ಎಂಬುದಕ್ಕೆ ಈ ನಾಲ್ಕು ಮೂಲೆಗಳೇ ಸಾಕ್ಷಿ.