ಗಾಳ, ಸಾಲ್ಮನ್ ಮತ್ತು ಸಾಕ್ಷಿ

ಗಾಳ ಹಾಕುವವನ ಮಾತನ್ನು ಯಾರೂ ಪೂರ್ತಿ ನಂಬುವುದಿಲ್ಲ. ಹೊಳೆಯಿಂದ ಮನೆಗೆ ಬರುವಷ್ಟರಲ್ಲಿ ಮೀನು ಗೇಣಿನಿಂದ ಮೊಳಕ್ಕೆ ಬೆಳೆದಿರುತ್ತದೆ. ಆದುದರಿಂದ ಅವನಿಗೆ ಸಾಕ್ಷಿ ಬೇಕು. ಬಹುಕಾಲ ಆ ಸಾಕ್ಷಿ ಸತ್ತ ಮೀನೇ ಆಗಿದ್ದಿತು.

1922ನೆಯ ಇಸವಿಯ ಅಕ್ಟೋಬರ್ 7ರಂದು ಸ್ಕಾಟ್ಲೆಂಡಿನ ಟೇ ನದಿಯಲ್ಲಿ ಜಾರ್ಜಿನಾ ಬ್ಯಾಲಂಟೈನ್ ಎಂಬಾಕೆ, ತಂದೆ ನಡೆಸುತ್ತಿದ್ದ ದೋಣಿಯಲ್ಲಿ ಕುಳಿತು, ಎರಡು ಗಂಟೆಗಳ ಕಾಲ ಸೆಣಸಿ ಸಾಲ್ಮನ್ ಮೀನೊಂದನ್ನು ಗೆದ್ದರು. ತೂಕ 64 ರಾತಲು, ಎಂದರೆ ಸುಮಾರು 29 ಕಿಲೋಗ್ರಾಂ. ಬ್ರಿಟನ್ನಿನಲ್ಲಿ ಗಾಳದಿಂದ ಹಿಡಿದ ಸಾಲ್ಮನ್‌ಗಳ ದಾಖಲೆಯಾಗಿ ಅದು ಇಂದಿಗೂ ನಿಂತಿದೆ. ಮೀನಿನ ಅಚ್ಚು ತೆಗೆದು ಪ್ರತಿಕೃತಿ ಮಾಡಿದರು. ಮೀನು ಪರ್ತ್ ಪಟ್ಟಣದ ಆಸ್ಪತ್ರೆಯ ಅಡುಗೆಮನೆ ಸೇರಿತು. ಇದರಲ್ಲಿ ದೂಷಿಸತಕ್ಕದ್ದೇನೂ ಇಲ್ಲ. ಹಿಡಿದುದು ತಿನ್ನುವುದಕ್ಕೆ ಎಂಬುದು ಅಂದಿನ ಸಹಜ ಬುದ್ಧಿ.

ಆದರೆ ಸಾಲ್ಮನ್ನಿನ ಬಾಳು ವಿಚಿತ್ರವಾದುದು. ಹೊಳೆಯಲ್ಲಿ ಹುಟ್ಟಿ, ಕಡಲಿನಲ್ಲಿ ಬೆಳೆದು, ಮೊಟ್ಟೆಯಿಡಲು ಹುಟ್ಟಿದ ಹೊಳೆಗೇ ಮರಳುತ್ತದೆ. ಹೊಳೆಯನ್ನು ಹೊಕ್ಕ ಮೇಲೆ ಆಹಾರವಿಲ್ಲ. ಮೈಯಲ್ಲಿ ಕೂಡಿಟ್ಟ ಕಸುವಿನಲ್ಲೇ ಪಯಣ ಮುಗಿಯಬೇಕು. ದೊಡ್ಡ ಹೆಣ್ಣುಮೀನಿನ ಒಡಲಲ್ಲಿ ಸಾವಿರಾರು ಮೊಟ್ಟೆಗಳು. ಗಾಳಗಾರನು ಹೆಮ್ಮೆಪಡುವ ಮೀನೇ ಹೊಳೆಗೆ ಎಲ್ಲಕ್ಕಿಂತ ಬೇಕಾದ ಮೀನು. ಅಮೆರಿಕದ ಲೀ ವುಲ್ಫ್ 1939ರಲ್ಲಿ ಪ್ರಕಟಿಸಿದ ಕೈಪಿಡಿಯಲ್ಲಿ, ಇಂಥ ಮೀನನ್ನು ಮರಳಿ ನೀರಿಗೆ ಬಿಡಬೇಕೆಂದು ವಾದಿಸಿದನು. ಆತ ಚಲನಚಿತ್ರಗಳನ್ನೂ ತೆಗೆಯುತ್ತಿದ್ದವನು. ಕ್ರಮೇಣ ಹೆಣದ ಸ್ಥಾನಕ್ಕೆ ಛಾಯಾಚಿತ್ರ ಬಂದಿತು.

ಬಂದ ಸಾಕ್ಷಿಯೂ ನಿರಪಾಯಕಾರಿಯೇನಲ್ಲ. ಸೆಣಸಿ ದಣಿದ ಮೀನಿಗೆ ಉಸಿರು ಬೇಕಾದ ಗಳಿಗೆಯಲ್ಲೇ ಅದನ್ನು ಗಾಳಿಗೆ ಎತ್ತುತ್ತೇವೆ. 1992ರಲ್ಲಿ ಪ್ರಕಟವಾದ ಕೆನಡಾದ ಪ್ರಯೋಗವೊಂದರಲ್ಲಿ, ಸಾಲ್ಮನ್ನಿನ ದಾಯಾದಿಯಾದ ರೇನ್‌ಬೋ ಟ್ರೌಟ್ ಮೀನುಗಳನ್ನು ಚೆನ್ನಾಗಿ ದಣಿಸಿದರು. ನೀರಿನಲ್ಲೇ ಬಿಟ್ಟವುಗಳಲ್ಲಿ ಸತ್ತದ್ದು ನೂರಕ್ಕೆ 12. ಅರ್ಧ ನಿಮಿಷ ಗಾಳಿಯಲ್ಲಿಟ್ಟವುಗಳಲ್ಲಿ 38. ಒಂದು ನಿಮಿಷವಿಟ್ಟವುಗಳಲ್ಲಿ 72! ಹೊಳೆಯಲ್ಲಿ ಲೆಕ್ಕ ಇಷ್ಟು ಕಠೋರವಾಗಲಾರದು. ಆದರೂ ದೊಡ್ಡ ಮೀನನ್ನು ಎದೆಗವುಚಿ ನಗುವ ಚಿತ್ರವನ್ನು ಕಂಡಾಗಲೆಲ್ಲ ನನ್ನ ಕಣ್ಣು ಆ ನಗೆಯತ್ತ ಹೋಗುವುದಿಲ್ಲ, ತೆರೆದ ಕಿವಿರಿನತ್ತ ಹೋಗುತ್ತದೆ.

ಅನುಭವಿಗಳ ಕ್ರಮ ಬೇರೆ. ಮುಳ್ಳಿಲ್ಲದ ಗಾಳ, ಮೈಗೆ ಚುಚ್ಚುವ ಕಬ್ಬಿಣದ ಕೊಕ್ಕೆಗೆ ಬದಲು ಗಂಟುಗಳಿಲ್ಲದ ಮೆತ್ತನೆಯ ಬಲೆ. ಬಲೆಗೆ ಬಂದ ಮೀನು ನೀರಿನಲ್ಲೇ ಇರುತ್ತದೆ. ಮೈಮೇಲಿನ ಲೋಳೆಯೇ ಅದರ ಕವಚವಾದುದರಿಂದ ಮುಟ್ಟುವ ಕೈ ಒದ್ದೆಯಾಗಿರಬೇಕು. ಬಾಲ ಹಿಡಿದು ತೂಗುಹಾಕಿದರೆ ಒಳಗಿನ ಅಂಗಗಳಿಗೆ ಪೆಟ್ಟು. ಚಿತ್ರ ತೆಗೆಯುವವನು ಮೊದಲೇ ಸಿದ್ಧನಾಗಿರಬೇಕು. ಮೀನು ಅರ್ಧ ನೀರಿನಲ್ಲಿರುವಂತೆಯೇ ಕ್ಷಣಮಾತ್ರದಲ್ಲಿ ಕೆಲಸ ಮುಗಿಯಬೇಕು. ತೂಗುವ ಬದಲು ಉದ್ದವನ್ನು ಅಳೆದು ತೂಕವನ್ನು ಅಂದಾಜು ಮಾಡಬಹುದು. ಅನಂತರ ಮೂತಿಯನ್ನು ಪ್ರವಾಹದ ಎದುರಿಗೆ ತಿರುಗಿಸಿ, ತಾನಾಗಿ ಬಾಲ ಬೀಸಿ ಹೋಗುವ ತನಕ ಮೆಲ್ಲನೆ ಆಧರಿಸಿರುವುದು. ತಿನ್ನದಿದ್ದ ಮೇಲೆ ಹಿಡಿಯುವುದಾದರೂ ಏಕೆ ಎಂದರೆ, ಪ್ರಶ್ನೆ ನ್ಯಾಯವಾದುದೇ. ಬಿಡುವ ಉದ್ದೇಶದಿಂದಲೇ ಹಿಡಿಯುವುದನ್ನು ಸ್ವಿಟ್ಜರ್ಲೆಂಡಿನ ಕಾನೂನು ಒಪ್ಪುವುದಿಲ್ಲ. ಸ್ಕಾಟ್ಲೆಂಡಿನಲ್ಲಾದರೋ ಗಾಳಕ್ಕೆ ಸಿಕ್ಕ ಸಾಲ್ಮನ್‌ಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಈಗ ಮರಳಿ ಹೊಳೆ ಸೇರುತ್ತವೆ. ಹಾಗಿದ್ದೂ ಬ್ರಿಟನ್ನಿನ ಸಾಲ್ಮನ್ 2023ರಲ್ಲಿ ಅಳಿವಿನಂಚಿನ ಪಟ್ಟಿಗೆ ಸೇರಿತು. ಬೆಚ್ಚಗಾಗುವ ನೀರು, ಅಣೆಕಟ್ಟು, ಹೊಲಸು, ಇವನ್ನು ಗಾಳಗಾರನ ಸೌಜನ್ಯ ತಡೆಯಲಾರದು.

ಈ ಕಥೆಗೆ ನಮ್ಮ ಕಾವೇರಿಯ ನಂಟೂ ಉಂಟು. 1873ರಲ್ಲಿ ಹೆಚ್. ಎಸ್. ಥಾಮಸ್ ತನ್ನ ಗ್ರಂಥದಲ್ಲಿ ನಮ್ಮ ಮಹಸೀರ್ ಮೀನನ್ನು ಸಾಲ್ಮನ್ನಿಗೆ ಹೋಲಿಸಿ, ಕಸುವಿನಲ್ಲಿ ಮಹಸೀರ್ ಮೇಲೆಂದು ಬರೆದನು. 1946ರಲ್ಲಿ ಕಬಿನಿಯಲ್ಲಿ 120 ರಾತಲಿನ ಮಹಸೀರನ್ನು ಹಿಡಿದವರು ಮೈಸೂರಿನ ವ್ಯಾನ್ ಇಂಗೆನ್ ಮನೆತನದವರು. ಸತ್ತ ಪ್ರಾಣಿಗಳ ಚರ್ಮಕ್ಕೆ ಜೀವಕಳೆ ಕೊಡುವುದೇ ಅವರ ಕುಲವೃತ್ತಿಯಾಗಿದ್ದಿತು. ಮುಂದೆ ಇಲ್ಲಿಯೂ ಹಿಡಿದು ಬಿಡುವ ಪದ್ಧತಿ ಬಂದಿತು. ಗಾಳಿಬೋರೆ ಶಿಬಿರದ ಗಾಳಗಾರರು 1998ರಿಂದ 2012ರವರೆಗೆ ಬರೆದಿಟ್ಟ ಲೆಕ್ಕದಿಂದಲೇ, ಕಾವೇರಿಗೆ ಹೊರಗಿನಿಂದ ತಂದು ಬಿಟ್ಟ ನೀಲಿರೆಕ್ಕೆಯ ಮಹಸೀರ್ ಹೆಚ್ಚಿ, ಕಾವೇರಿಯದೇ ಆದ ಗೂನುಬೆನ್ನಿನ ಮಹಸೀರ್ ಕಾಣದಾಗುತ್ತಿದೆ ಎಂಬುದು ವಿದ್ವಾಂಸರಿಗೆ ತಿಳಿಯಿತು. 2012ರಲ್ಲಿ ಅಭಯಾರಣ್ಯದೊಳಗೆ ಗಾಳ ನಿಂತಿತು. ಅದರೊಡನೆ ಆ ಲೆಕ್ಕದ ಪುಸ್ತಕವೂ ನಿಂತಿತು. ಗೂನುಬೆನ್ನಿನ ಮೀನಿಗೆ ಟಾರ್ ರೆಮಾದೇವಿ ಎಂಬ ಶಾಸ್ತ್ರೀಯ ನಾಮಧೇಯ ಖಚಿತವಾದುದು 2018ರಲ್ಲಿ. ಅದೇ ವರ್ಷ ಅದು ತೀವ್ರ ಅಳಿವಿನಂಚಿನ ಪಟ್ಟಿಯನ್ನೂ ಸೇರಿತು.