ಡೆಸಿಬೆಲ್‌ನೊಳಗಿನ ಬೆಲ್

ಗಣೇಶನ ಹಬ್ಬದ ಧ್ವನಿವರ್ಧಕದ ತಕರಾರಿನಲ್ಲೂ, ಕಿವಿ ಡಾಕ್ಟರು ಬರೆದುಕೊಡುವ ಚೀಟಿಯಲ್ಲೂ ಕಾಣಿಸುವ ಪದ ಡೆಸಿಬೆಲ್. ಇದು ಹುಟ್ಟಿದ್ದು ಆಸ್ಪತ್ರೆಯಲ್ಲಲ್ಲ, ಅಮೆರಿಕದ ಟೆಲಿಫೋನ್ ಕಂಪನಿಯಲ್ಲಿ.

ತಂತಿ ಉದ್ದವಾದಷ್ಟೂ ದನಿ ಕ್ಷೀಣಿಸುತ್ತದೆ. ಈ ನಷ್ಟವನ್ನು ಅಲ್ಲಿನ ಎಂಜಿನಿಯರುಗಳು ಮೊದಲು ಇಷ್ಟು ಮೈಲಿ ಕೇಬಲ್ಲಿನಷ್ಟು ಎಂದು ಲೆಕ್ಕ ಹಾಕುತ್ತಿದ್ದರು. 1920ರ ದಶಕದಲ್ಲಿ ಅದರ ಬದಲು ಹೊಸ ಮಾನವೊಂದನ್ನು ತಂದು, ಟೆಲಿಫೋನ್ ಖ್ಯಾತಿಯ ಅಲೆಕ್ಸಾಂಡರ್ ಗ್ರಹಾಂ ಬೆಲ್ (1847-1922) ಹೆಸರಿಟ್ಟರು. ಬೆಲ್‌ನ ಹತ್ತನೇ ಒಂದು ಪಾಲೇ ಡೆಸಿಬೆಲ್.

ಈ ಅಳತೆ ಗಜಕಡ್ಡಿಯಂತಲ್ಲ. 10 ಡೆಸಿಬೆಲ್ ಹೆಚ್ಚಿದರೆ ಸದ್ದಿನ ಶಕ್ತಿ ಹತ್ತು ಪಟ್ಟು, 20 ಹೆಚ್ಚಿದರೆ ನೂರು ಪಟ್ಟು, 30 ಹೆಚ್ಚಿದರೆ ಸಾವಿರ ಪಟ್ಟು. ಸೊನ್ನೆ ಡೆಸಿಬೆಲ್ ಎಂದರೆ ನಿಶ್ಶಬ್ದವೂ ಅಲ್ಲ. ಆರೋಗ್ಯವಂತ ಎಳೆಯರ ಕಿವಿಗೆ ಕೇಳಿಸಬಲ್ಲ ಅತಿ ಕ್ಷೀಣ ಸದ್ದಿನ ಮಟ್ಟ. ಮಾಮೂಲಿ ಮಾತುಕತೆ 60ರ ಆಸುಪಾಸಿನದು. ಚೀಟಿಯಲ್ಲಿ 40 ಎಂದಿದ್ದರೆ ಶೇಕಡಾ 40ರಷ್ಟು ಕಿವಿ ಹೋಯಿತೆಂದು ಗಾಬರಿಯಾಗುವವರುಂಟು. ಅದು ಶೇಕಡಾವಾರು ಲೆಕ್ಕವೇ ಅಲ್ಲ. ಸದ್ದನ್ನು ಅಷ್ಟು ಏರಿಸಿದ ಮೇಲಷ್ಟೇ ಆ ಕಿವಿಗೆ ಕೇಳಿಸಲು ಶುರುವಾಗುತ್ತದೆ ಎಂದರ್ಥ.

ಕಾನೂನಿಗೂ ಈ ಅಂಕಿಯೇ ಆಧಾರ. ಊರುಕೇರಿಗಳಲ್ಲಿ 'ಕಿವುಡ' ಎಂಬುದು ಅರ್ಧ ಬೈಗುಳ. ಮಂದ ಕಿವಿಯ ಅಜ್ಜನಿಗೂ ಅದೇ ಹೆಸರು, ಹುಟ್ಟಿನಿಂದ ಸದ್ದನ್ನೇ ಅರಿಯದ ಮಗುವಿಗೂ ಅದೇ. ಅಂಗವಿಕಲರ ಹಕ್ಕುಗಳ 2016ರ ಕಾಯಿದೆ ಮಾತ್ರ ಬೇರ್ಪಡಿಸಿ ಹೇಳುತ್ತದೆ: ಎರಡೂ ಕಿವಿಗಳಲ್ಲಿ ಮಾತಿನ ಶ್ರೇಣಿಯ ಸದ್ದಿಗೆ 70 ಡೆಸಿಬೆಲ್ ನಷ್ಟವಿದ್ದರೆ ಕಿವುಡುತನ, 60ರಿಂದ 70ರವರೆಗೆ ಮಂದಶ್ರವಣ. 1995ರ ಕಾಯಿದೆಯಲ್ಲಿ ಈ ಭೇದವಿರಲಿಲ್ಲ; ಒಳ್ಳೆಯ ಕಿವಿಯಲ್ಲಿ 60 ನಷ್ಟವಾಗಿದ್ದರೆ ಸಾಕಿತ್ತು. ಪ್ರಮಾಣಪತ್ರಕ್ಕಾಗಿ ಅಲೆಯುವವರಿಗೆ ಒಂದೆರಡು ಡೆಸಿಬೆಲ್ ಸಣ್ಣ ಮಾತಲ್ಲ.

ಇನ್ನು, ಹೆಸರು ಕೊಟ್ಟ ಬೆಲ್‌ನ ಕಥೆ. ಆತನ ತಾಯಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಆಕೆಯೊಡನೆ ಮಾತಾಡಲು ಬಾಲ್ಯದಲ್ಲೇ ಬೆರಳಕ್ಷರ ಕಲಿತಿದ್ದ. ಹೆಂಡತಿ ಮೇಬಲ್ ಎಳವೆಯಲ್ಲೇ ಜ್ವರದಿಂದ ಶ್ರವಣಶಕ್ತಿ ಕಳೆದುಕೊಂಡವಳು. ಬಾಸ್ಟನ್ನಿನಲ್ಲಿ ಕಿವುಡ ಮಕ್ಕಳ ಮೇಷ್ಟರಾಗಿದ್ದವನಿಗೆ ಟೆಲಿಫೋನ್ ಪೇಟೆಂಟ್ ದೊರೆತದ್ದು 1876ರಲ್ಲಿ. ಇಷ್ಟಿದ್ದೂ ಕಿವುಡರ ಸನ್ನೆಭಾಷೆ ಶಾಲೆಗಳಲ್ಲಿ ಇರಕೂಡದು, ಎಲ್ಲರೂ ತುಟಿಚಲನೆ ನೋಡಿ ಬಾಯಿಮಾತೇ ಕಲಿಯಬೇಕು ಎಂದು ಪಟ್ಟು ಹಿಡಿದ. ಕಿವುಡರು ಕಿವುಡರನ್ನೇ ಮದುವೆಯಾಗುವುದೂ ಅವನಿಗೆ ಸರಿಬರಲಿಲ್ಲ. ಮನೆಯಲ್ಲೇ ಇಬ್ಬರನ್ನು ಕಂಡವನು ಹೀಗೇಕೆ ಯೋಚಿಸಿದನೋ!

ಈ ನಿಲುವು ಅವನೊಬ್ಬನದಲ್ಲ. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಸೇರಿದ ಶಿಕ್ಷಕರ ಸಮ್ಮೇಳನವೂ ಬಾಯಿಮಾತಿನ ಪರವೇ ನಿರ್ಣಯಿಸಿತು. ಮತ ಹಾಕಿದವರಲ್ಲಿ ಬಹುತೇಕರು ಕಿವಿ ಕೇಳಿಸುವವರು. ಅನೇಕ ದೇಶಗಳ ಶಾಲೆಗಳಿಂದ ಸನ್ನೆಭಾಷೆ ಹೊರಬಿತ್ತು, ಕಿವುಡ ಶಿಕ್ಷಕರು ಕೆಲಸ ಕಳೆದುಕೊಂಡರು. ಆ ನಿರ್ಣಯದ ಬಗ್ಗೆ ಅದೇ ಸಮ್ಮೇಳನ ಪರಂಪರೆ ವಿಷಾದ ಸೂಚಿಸಿದ್ದು 2010ರಲ್ಲಿ, ಕೆನಡಾದ ವ್ಯಾಂಕೂವರ್‌ನಲ್ಲಿ.